ಕರಿಹೊಂಡದ ಕಂದು ಮಜ್ಜಿಗೆ

ನೆಲದಡಿ ಒಂಬೈನೂರು ಮೀಟರ್ ಆಳದಲ್ಲಿ ಸಾಬೂನು ಹುಟ್ಟಿಸುವುದು ನನ್ನ ಕೆಲಸ. ಹೀಗೆ ಹೇಳಿದರೆ ಬೀಗರು ನಗುತ್ತಾರೆ. ನಗಲಿ. ಎಣ್ಣೆ ಬಾವಿಗಳ ನಡುವೆ ಇಪ್ಪತ್ತೆಂಟು ವರ್ಷ ಕಳೆದವನಿಗೆ ಇಂಥ ನಗೆಯೆಲ್ಲ ಅಭ್ಯಾಸವಾಗಿದೆ.

ಈಗ ಯಾರೂ ಎಣ್ಣೆ ಸುಡುವುದಿಲ್ಲ. ಪೆಟ್ರೋಲ್ ಬಂಕುಗಳಿದ್ದ ಜಾಗದಲ್ಲಿ ಮದುವೆ ಹಾಲ್‌ಗಳು ಎದ್ದು ಎಷ್ಟೋ ಕಾಲವಾಯಿತು. ಆದರೆ ಗಾಳಿಯಂತ್ರದ ರೆಕ್ಕೆಗೆ, ಸೇತುವೆಯ ಹಗ್ಗಕ್ಕೆ, ಸವೆದ ಮೊಣಕಾಲಿಗೆ ಕೂರಿಸುವ ಕೀಲಿಗೆ ಇಂಗಾಲದ ನೂಲು ಬೇಕು. ಆ ನೂಲು ತೆಗೆಯಲು ಎಲ್ಲಕ್ಕಿಂತ ಚೆನ್ನಾಗಿ ಒದಗುವುದು, ಹಿಂದೆ ಯಾರೂ ಮೂಸಿ ನೋಡದೆ ಬಿಟ್ಟಿದ್ದ ಭಾರದ ಕಚ್ಚಾ ಎಣ್ಣೆ. ಭೀಮಾ ದಂಡೆಯ ನಮ್ಮ ಕರಿಹೊಂಡದಲ್ಲಿ ಮೇಲೆ ನೆಲಕ್ಕೆ ಹಾಸುವ ಪರಸಿಕಲ್ಲು, ಅದರ ಕೆಳಗೆ ಮರಳುಗಲ್ಲು. ಆ ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಅಂಟಿಕೊಂಡು ಕೂತಿದೆ. ಹೆಸರಿಗೆ ಎಣ್ಣೆ, ಸ್ವಭಾವದಲ್ಲಿ ಡಾಂಬರು. ಪಂಪು ಹಾಕಿ ಎಳೆದರೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಬೆ ಬಿಟ್ಟು ಕರಗಿಸೋಣವೆಂದರೆ ನೀರು ಕಾಯಿಸಲು ಬೆಂಕಿ ಬೇಕು, ಅಷ್ಟು ಬೆಂಕಿಗೆ ಸರ್ಕಾರದ ಅನುಮತಿ ಇಲ್ಲ.

ಹಾಗಾಗಿ ನಾವು ಕಲ್ಲನ್ನೇ ಒಗೆಯುತ್ತೇವೆ. ಬಟ್ಟೆ ಸೋಡಾ ಬೆರೆಸಿದ ನೀರನ್ನು ಒಂದು ಬಾವಿಯಿಂದ ಒಳಕ್ಕೆ ತಳ್ಳುತ್ತೇವೆ. ಈ ಎಣ್ಣೆಯೊಳಗೆ ಹುಟ್ಟಿನಿಂದಲೇ ಒಂದು ಹುಳಿ, ಅಂದರೆ ಆಮ್ಲ, ಇದೆ. ಸೋಡಾದ ಕ್ಷಾರ ಆ ಹುಳಿಗೆ ತಗುಲಿದರೆ ಅಲ್ಲೇ, ಆ ಕತ್ತಲಲ್ಲೇ, ಸಾಬೂನಾಗುತ್ತದೆ. ಸಾಬೂನು ಬಂದ ಮೇಲೆ ಇನ್ನೇನು, ಎಣ್ಣೆ ಕಲ್ಲಿನ ಮೇಲಿನ ಹಿಡಿತ ಬಿಟ್ಟು ನೀರಿನ ಬೆನ್ನು ಹತ್ತಿ ಪಕ್ಕದ ಬಾವಿಯಿಂದ ಮೇಲೆ ಬರಬೇಕು. ಬರಬೇಕು ಎಂದೆ. ಬರುತ್ತದೆ ಎನ್ನಲಿಲ್ಲ.

ನಮ್ಮ ಸೀಮೆಯ ನೀರು ಎಂಥದೆಂದು ಇಲ್ಲಿ ಸಂಸಾರ ಮಾಡಿದವರಿಗೆ ಗೊತ್ತು. ತೊಗರಿಬೇಳೆ ಎರಡು ತಾಸು ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅಂಥ ಗಡಸು ನೀರನ್ನು ಒಳಗೆ ಬಿಟ್ಟರೆ ಸಾಬೂನು ಗಸಿಗಟ್ಟಿ ಕಲ್ಲಿನ ರಂಧ್ರಗಳೇ ಮುಚ್ಚಿಹೋಗುತ್ತವೆ. ಆದ್ದರಿಂದ ಮೊದಲು ನೀರನ್ನು ಮೆತ್ತಗೆ ಮಾಡಿ, ಉಪ್ಪಿನಂಶ ತೆಗೆದು, ಆಮೇಲೆ ಸೋಡಾ ಬೆರೆಸುತ್ತೇವೆ. ಇಷ್ಟೆಲ್ಲ ಮಾಡಿದರೂ ಮೊದಲ ವರ್ಷ ಒಂದು ಅನಾಹುತ ಆಯಿತು. ಸೋಡಾ ಬಿಳಿ, ಉಪ್ಪು ಬಿಳಿ, ಎರಡೂ ಬಂದದ್ದು ಗೋಣಿಚೀಲದಲ್ಲಿ. ಕ್ಯಾಂಟೀನಿಗೆ ಬಂದ ಹನ್ನೆರಡು ಚೀಲ ಉಪ್ಪನ್ನು ಯಾರೋ ಪುಣ್ಯಾತ್ಮರು ಸೋಡಾ ತೊಟ್ಟಿಗೆ ಸುರಿದರು. ನೆಲದೊಳಗೆ ಸಾಬೂನು ಒಡೆದು ಕಟ್ಟಿಕೊಂಡು ಎರಡು ಬಾವಿಗಳು ಒಂಬತ್ತು ತಿಂಗಳು ಮೂಗರಿಗಿಂತ ಬಿಗಿಯಾಗಿ ಬಾಯಿ ಮುಚ್ಚಿಕೊಂಡವು.

ಅಂದಿನಿಂದ ಹದಿನಾಲ್ಕನೆಯ ನಿಯಮ ಬಂತು. ಗೇಟಿನೊಳಗೆ ಉಪ್ಪು ತರುವಂತಿಲ್ಲ. ಮೊದಲು ಅದು ಚೀಲಗಳಿಗಷ್ಟೇ ಇತ್ತು. ಆಮೇಲೆ ಉಪ್ಪಿನಕಾಯಿಗೆ ಹಬ್ಬಿತು, ಹಪ್ಪಳಕ್ಕೆ ಹಬ್ಬಿತು, ಕೊನೆಗೆ ನಮ್ಮ ಬುತ್ತಿಯ ಪಲ್ಯಕ್ಕೂ ಬಂತು. ಸೆಕ್ಯುರಿಟಿಯವರ ಹಿಂದೆ ಒಂದು ಕಪಾಟು ಮಾಡಿಸಿ, ಅದರಲ್ಲಿ ಎಲ್ಲರ ಉಪ್ಪಿನಕಾಯಿ ಡಬ್ಬಿಗಳನ್ನು ಹೆಸರು ಬರೆದು ಇಡತೊಡಗಿದರು. ಊಟದ ಹೊತ್ತಿಗೆ ಮುನ್ನೂರು ಜನ ಗೇಟಿನಾಚೆ ಬೇವಿನ ಮರಗಳ ಕೆಳಗೆ ಕೂತು ಉಂಡು, ಕೈ ತೊಳೆದು, ಒಳಗೆ ಬರುತ್ತಿದ್ದರು. ಹೊಸಬರಿಗೆ ಇದು ತಮಾಷೆ. ನಮಗೆ ಇದು ಮಡಿ.

ನನ್ನ ಮನೆ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನನಗೆ ಮುಖ್ಯವಾದದ್ದು ಅದೇ. ಜಗದೇವಿಯನ್ನು ಮದುವೆಯಾಗಿ ಇಪ್ಪತ್ತೆಂಟು ವರ್ಷ. ಅದರಲ್ಲಿ ಮೊದಲ ಇಪ್ಪತ್ತಾರು ವರ್ಷ ನಾನು ಸಮುದ್ರದ ರಿಗ್ಗುಗಳ ಮೇಲೆ, ಮರುಭೂಮಿಯಲ್ಲಿ, ಅಸ್ಸಾಮಿನ ಕೆಸರಿನಲ್ಲಿ ಇದ್ದೆ. ವರ್ಷಕ್ಕೆ ಎರಡು ಸಲ ನೆಂಟನ ಹಾಗೆ ಮನೆಗೆ ಬಂದು ಹೋಗುತ್ತಿದ್ದೆ. ಮಗಳು ಹುಟ್ಟಿದ್ದನ್ನು ರೇಡಿಯೋದಲ್ಲಿ ಕೇಳಿದೆ. ಅವಳ ಮದುವೆಗೆ ನಾಲ್ಕು ದಿನ ಮುಂಚೆ ಬಂದು, ಯಾವ ಸಾಮಾನು ಎಲ್ಲಿದೆಯೆಂದು ಗೊತ್ತಾಗದೆ ಎಲ್ಲರ ಕಾಲಿಗೆ ತೊಡರಿಕೊಂಡೆ. ಕರಿಹೊಂಡಕ್ಕೆ ವರ್ಗವಾಗಿ ಬಂದ ಮೇಲೆ ಎರಡು ವರ್ಷದಿಂದ ಪ್ರತಿ ಸಂಜೆ ಮನೆಗೆ ಹೋಗುತ್ತಿದ್ದೇನೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹೆಂಡತಿಯ ಜೊತೆ ಚಹಾ ಕುಡಿಯುತ್ತಾ ಜಗಳವಾಡುವ ಸುಖ ಸಿಕ್ಕಿದೆ. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿಲ್ಲ.

ಜಗದೇವಿ ಈ ನಡುವೆ ಸುಮ್ಮನೆ ಕೂತಿರಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುಸುಬಿ ಎಣ್ಣೆ, ಬೇವಿನೆಣ್ಣೆ ಕಾಯಿಸಿ ಸಾಬೂನು ಮಾಡಿ ಮೂರು ತಾಲ್ಲೂಕಿಗೆ ಕಳಿಸುತ್ತಾಳೆ. ನಾವು ಗಂಡ ಹೆಂಡತಿ ಇಬ್ಬರೂ ಸಾಬೂನಿನವರೇ ಎಂದು ನಾನು ಒಂದು ದಿನ ತಮಾಷೆ ಮಾಡಿದೆ. ಅವಳು ಕಡಾಯಿಯಿಂದ ಕಣ್ಣು ತೆಗೆಯದೆ, "ನಂದು ಮಾರಾಟ ಆಗ್ತದ. ನಿಮ್ದು?" ಎಂದಳು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ದಿನ ಹತ್ತಿರ ಬರುತ್ತಿತ್ತು. ಕಾರ್ತಿಕದ ಹುಣ್ಣಿಮೆಯ ಮಾರನೆಯ ದಿನ ಮುಖ್ಯ ಕಚೇರಿಯ ಪರಿಶೀಲಕರು ಬರುವವರಿದ್ದರು. ಅಷ್ಟರಲ್ಲಿ ದಿನಕ್ಕೆ ಇನ್ನೂರು ಪೀಪಾಯಿ ಶುದ್ಧ ಎಣ್ಣೆ ಬರುತ್ತಿರಬೇಕು. ಬರದಿದ್ದರೆ ಕರಿಹೊಂಡಕ್ಕೆ ಬೀಗ. ನನಗೆ ಬೇರೆ ಆದೇಶವೂ ತಯಾರಾಗಿತ್ತು. ಸಮುದ್ರದ ನಡುವೆ ತುಕ್ಕು ಹಿಡಿದು ನಿಂತ ಹಳೆಯ ರಿಗ್ಗುಗಳನ್ನು ಕಳಚುವ ಹಡಗಿನ ಮೇಲೆ ನಾಲ್ಕು ವರ್ಷ. ವರ್ಷಕ್ಕೆ ಎರಡು ಸಲ ರಜೆ.

ನಮ್ಮ ಕಂಟ್ರೋಲ್ ರೂಮಿನಲ್ಲಿ ಮನುಷ್ಯರು ಇಬ್ಬರೇ. ನಾನು ಮತ್ತು ಡಾಕ್ಟರ್ ತಸ್ನೀಮ್. ತಸ್ನೀಮ್ ಬೀದರಿನವಳು, ಕ್ಷಾರದ ರಸಾಯನದಲ್ಲಿ ಪಂಡಿತೆ, ಮೂವತ್ತೊಂದು ವರ್ಷ. ಮೂರನೆಯವನು ಮೇಟಿ. ಮೇಟಿ ಅಂದರೆ ನಮ್ಮ ಗಣಕಕ್ಕೆ ಇಟ್ಟ ಹೆಸರು. ಬಾವಿಗಳೊಳಗೆ ಇಳಿಬಿಟ್ಟ ಗಾಜಿನ ತಂತಿಗಳು ನೆಲದಡಿಯ ಬಿಸಿ, ಒತ್ತಡ, ಸದ್ದು ಎಲ್ಲವನ್ನೂ ಅವನಿಗೆ ತಿಳಿಸುತ್ತವೆ. ಅವನು ಅದನ್ನು ಕೋಣೆಯ ನೆಲದ ಮೇಲೆ ಚಿತ್ರವಾಗಿ ಹಾಸುತ್ತಾನೆ. ನಾವು ಚಪ್ಪಲಿ ಬಿಟ್ಟು ಅದರ ಮೇಲೆ ಓಡಾಡುತ್ತೇವೆ. ಕಾಲಡಿಯಲ್ಲಿ ನೀಲಿ ಬಣ್ಣದ ಕ್ಷಾರ ದಿನಕ್ಕೆ ಗೇಣಷ್ಟು ಮುಂದೆ ಸರಿಯುವುದನ್ನು ನೋಡುತ್ತಾ ಎಷ್ಟೋ ದಿನ ನಾನು ಊಟ ಮರೆತಿದ್ದುಂಟು.

ಗಡುವಿಗೆ ಇಪ್ಪತ್ತು ದಿನವಿದ್ದಾಗ ನೀಲಿ ಏಳನೆಯ ಬಾವಿಯನ್ನು ಮುಟ್ಟಿತು. ಸಾಬೂನಿನ ಗುರುತಾದ ಹಳದಿ ಗೆರೆ ಅದರ ಮುಂದೆಯೇ ಇತ್ತು. ತಸ್ನೀಮ್ ಮಕ್ಕಳ ಹಾಗೆ ಚಿತ್ರದ ಮೇಲೆ ಒಂದು ಸುತ್ತು ಹಾಕಿದಳು. ಬಾವಿ ಉಕ್ಕಿತು. ಪೈಪು ನಡುಗಿತು. ನಾವು ಮೀಟರಿನ ಕಡೆ ನೋಡಿದೆವು.

"ಶುದ್ಧ ಎಣ್ಣೆ, ಸೊನ್ನೆ ಪೀಪಾಯಿ," ಎಂದ ಮೇಟಿ.

ಬಂದದ್ದು ಎಣ್ಣೆಯಲ್ಲ, ಕಂದು ಬಣ್ಣದ ದಪ್ಪ ಮಜ್ಜಿಗೆ. ಎಣ್ಣೆ, ನೀರು, ಸಾಬೂನು ಮೂರೂ ಒಂದರೊಳಗೊಂದು ಹೊಕ್ಕು, ಬಿಡಿಸಲಾರದ ಹಾಗೆ ಕೂಡಿಕೊಂಡಿದ್ದವು. ಎಣ್ಣೆ ಬಾವಿಗಳಲ್ಲಿ ಇಂಥದು ಹೊಸದೇನಲ್ಲ, ಬಿಡಿಸುವ ಔಷಧಿಗಳೂ ಪೇಟೆಯಲ್ಲಿ ಸಿಗುತ್ತವೆ. ಐದು ಬಗೆಯ ಔಷಧಿ ಹಾಕಿದೆವು. ಕಾಯಿಸಿದೆವು. ತಿರುಗಿಸಿದೆವು. ಮಜ್ಜಿಗೆ ಮಜ್ಜಿಗೆಯಾಗಿಯೇ ಉಳಿಯಿತು. ಎಣ್ಣೆಯೂ ಅಲ್ಲದ, ನೀರೂ ಅಲ್ಲದ ಈ ವಸ್ತುವನ್ನು ಮೇಟಿ ತನಗೆ ಕಲಿಸಿದಂತೆ 'ತ್ಯಾಜ್ಯ' ಎಂದು ಬರೆದುಕೊಂಡು, ದಿನಕ್ಕೆ ಆರುನೂರು ಪೀಪಾಯಿಯಂತೆ ಹಿಂದಿನ ಹೊಂಡಕ್ಕೆ ಬಿಡುತ್ತಾ ಹೋದ. ಹನ್ನೊಂದು ದಿನ ಹೀಗೇ ನಡೆಯಿತು.

"ಸರ್, ನನ್ನ ಲೆಕ್ಕ ಎಲ್ಲಿ ತಪ್ಪಿತೋ ಗೊತ್ತಾಗವಲ್ದು," ಎಂದಳು ತಸ್ನೀಮ್. ಅವಳ ಕಣ್ಣುಗಳು ಕೆಂಪಾಗಿದ್ದವು. "ಸಾಬೂನು ಕಡಿಮೆ ಆದ್ರ ಎಣ್ಣಿ ಬರೂದಿಲ್ಲ. ಇಲ್ಲಿ ಸಾಬೂನು ಹೆಚ್ಚಾಗಿ ಎಣ್ಣಿನ ಬಿಡವಲ್ದು."

"ಸೋಡಾ ಕಮ್ಮಿ ಮಾಡೋಣೇನು?"

"ಕಮ್ಮಿ ಮಾಡಿದ್ದು ಈ ಬಾವಿಗಿ ಬಂದು ಮುಟ್ಟಲಾಕ ಎಂಟು ತಿಂಗಳು ಬೇಕ್ರಿ."

ನಮಗಿದ್ದದ್ದು ಒಂಬತ್ತು ದಿನ. ಅವತ್ತು ಸಂಜೆ ನಾಲ್ಕೂವರೆಗೇ ಮನೆಗೆ ಹೊರಟೆ. ಸಿಟ್ಟಿಗೋ ದುಃಖಕ್ಕೋ, ಒಂದು ಬಾಟಲಿ ಮಜ್ಜಿಗೆ ತುಂಬಿಕೊಂಡು ಹೊರಟೆ. ಇಪ್ಪತ್ತೆಂಟು ವರ್ಷದ ದುಡಿಮೆಯ ಗುರುತಿಗೆ ಮನೆಯಲ್ಲಿ ಏನಾದರೂ ಇರಲಿ ಎಂದು.

ಜಗದೇವಿ ಶೆಡ್ಡಿನಲ್ಲಿದ್ದಳು. ಕಡಾಯಿ ಕುದಿಯುತ್ತಿತ್ತು, ಉದ್ದನೆಯ ಕಟ್ಟಿಗೆ ಹಿಡಿದು ತಿರುವುತ್ತಿದ್ದಳು. ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಮಗುಚಿ ಹಾಕಿದ್ದ ಬುಟ್ಟಿಯ ಮೇಲೆ ಕುಳಿತೆ. ಹಡಗಿನ ಆದೇಶದ ವಿಷಯ ಅವಳಿಗೆ ಮೊದಲೇ ಹೇಳಿದ್ದೆ. ಆಗ ಅವಳು ಅತ್ತಿರಲಿಲ್ಲ, ಬೈದಿರಲಿಲ್ಲ. "ಎಂದ ಹೊಂಟೀರಿ?" ಎಂದು ತಾರೀಖು ಮಾತ್ರ ಕೇಳಿದ್ದಳು. ಆ ಶಾಂತಿ ನನಗೆ ಹಡಗಿಗಿಂತ ಹೆಚ್ಚು ನೋವು ಕೊಟ್ಟಿತ್ತು.

"ಏನದು?" ಎಂದಳು ಬಾಟಲಿ ನೋಡಿ.

"ನನ್ನ ಸಾಬೂನು."

ಅವಳು ಎಡಗೈಯಿಂದ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು, ಅಲ್ಲಾಡಿಸಿದಳು, ಮುಚ್ಚಳ ತೆಗೆದು ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿದಳು. ನಾವು ಹನ್ನೊಂದು ದಿನ ಯಂತ್ರ ಹಚ್ಚಿ ಪರೀಕ್ಷೆ ಮಾಡಿದ ವಸ್ತುವನ್ನು ಅವಳು ಬೆರಳಿನಲ್ಲೇ ಓದಿದಳು.

"ಸಾಬೂನು ಆಗ್ಯಾದಲ್ಲ ಮತ್ತ. ಒಡಸಿಲ್ಲ ಅಷ್ಟ."

"ಐದು ಔಷಧ ಹಾಕೀವಿ. ಒಡೀಲಿಲ್ಲ."

"ಔಷಧ ಯಾಕ ಬೇಕು? ಉಪ್ಪ ಹಾಕಿಲ್ಲೇನು?"

ನಾನು ರೇಗಿದೆ. ಎರಡು ವರ್ಷದಿಂದ ಈ ಮನೆಯಲ್ಲಿ ಹದಿನಾಲ್ಕನೆಯ ನಿಯಮ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವನು ನಾನು. "ಉಪ್ಪು ಅಂದ್ರ ನಮಗ ವಿಷ. ಒಳಗ ಹೋದ್ರ ಕಲ್ಲೆಲ್ಲಾ ಕಟ್ಟಿಕೊಂತದ. ಎಷ್ಟು ಸಲ ಹೇಳೀನಿ?"

"ಒಳಗ ಹೋದ್ರ," ಎಂದಳು ಜಗದೇವಿ ನಿಧಾನಕ್ಕೆ. "ಇದು ಹೊರಗ ಬಂದದಲ್ರಿ."

ಮಾತು ಮುಗಿಸಿ ತನ್ನ ಕಡಾಯಿಯ ಕಡೆ ತಿರುಗಿದಳು. ಡಬ್ಬದಿಂದ ನಾಲ್ಕು ಹಿಡಿ ಉಪ್ಪು ತೆಗೆದು ಕುದಿಯುವ ಸಾಬೂನಿನ ಗಂಜಿಗೆ ಸುರಿದು ಎರಡು ಸುತ್ತು ತಿರುವಿದಳು. ನನ್ನ ಕಣ್ಣೆದುರಿಗೇ ಸಾಬೂನು ಮೊಸರಿನ ಹಾಗೆ ಬೇರೆಯಾಗಿ ಮೇಲೆದ್ದಿತು, ಕೆಳಗೆ ಕೊಳೆನೀರು ಉಳಿಯಿತು. ಎರಡು ವರ್ಷದಲ್ಲಿ ಇದನ್ನು ನೂರು ಸಲವಾದರೂ ನೋಡಿದ್ದೆ. ಒಂದು ಸಲವೂ ನನ್ನ ಬಾವಿ ನೆನಪಾಗಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು.

ಬಾಟಲಿಯ ಮಜ್ಜಿಗೆಯನ್ನು ಹಳೆಯ ಬೋಗುಣಿಗೆ ಸುರಿದು ಕಾಯಿಸಿ, ಉಪ್ಪು ಹಾಕಿದೆವು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಒಂದು ಕರಿ ಗೆರೆ ಕಂಡಿತು. ಗೆರೆ ಅಗಲವಾಯಿತು. ಚಹಾ ಮುಗಿಯುವಷ್ಟರಲ್ಲಿ ಬೋಗುಣಿಯಲ್ಲಿ ಎರಡು ಬೆರಳು ದಪ್ಪ ಕರಿ ಎಣ್ಣೆ, ಕೆಳಗೆ ಮಸುಕು ನೀರು. ಬೋಗುಣಿಯಂತೂ ಕೆಟ್ಟಿತು. ಅದು ಅವಳ ತವರಿನ ಬೋಗುಣಿ ಎಂದು ಆಮೇಲೆ ತಿಳಿಯಿತು.

ಮಾರನೆಯ ಬೆಳಗ್ಗೆ ತಸ್ನೀಮ್‌ಗೆ ಹೇಳಿದೆ. ಅವಳು ತನ್ನ ಹಣೆಯನ್ನು ತಾನೇ ಬಡಿದುಕೊಂಡಳು.

"ಸರ್, ಇದು ನನ್ನ ಪಿಎಚ್‌ಡಿಯ ಎರಡನೇ ಅಧ್ಯಾಯದಾಗ ಅದರಿ. ನಾನೇ ಬರದೀನಿ. ಇಲ್ಲಿಗಿ ಬಂದು ದಿನಾ ಗೇಟಿನಾಗ ಉಪ್ಪಿನಕಾಯಿ ಇಟ್ಟು ಇಟ್ಟು, ಉಪ್ಪು ಅನ್ನೂದು ತಲಿಯೊಳಗಿಂದನೇ ಹೋಗಿಬಿಟ್ಟದ."

ಮೇಟಿಯನ್ನು ಕೇಳಿದೆ. ಉಪ್ಪುನೀರು ಬೆರೆಸಿದರೆ ಈ ಮಿಶ್ರಣ ಒಡೆಯುತ್ತದೆಂದು ನಿನಗೆ ಗೊತ್ತಿತ್ತೇ?

"ಮೊದಲ ದಿನದಿಂದ ಗೊತ್ತಿತ್ತು," ಎಂದ ಮೇಟಿ. "ಹದಿನಾಲ್ಕನೆಯ ನಿಯಮದ ಪ್ರಕಾರ ಗೇಟಿನೊಳಗೆ ಉಪ್ಪಿನ ಸಲಹೆ ಕೊಡುವಂತಿಲ್ಲ."

ಬೈಯೋಣವೆನಿಸಿತು. ಆದರೆ ಆ ನಿಯಮವನ್ನು ಅವನೊಳಗೆ ಬರೆದವನು ನಾನೇ. ನನ್ನ ಸಹಿಯೇ ಇದೆ.

ನಿಯಮವನ್ನು ಮುರಿಯಲು ತಸ್ನೀಮ್ ಒಪ್ಪಲಿಲ್ಲ, ಅದು ಸರಿಯೂ ಆಗಿತ್ತು. ಒಂದು ಚೀಲ ತಪ್ಪಿ ಸೋಡಾ ತೊಟ್ಟಿಗೆ ಹೋದರೆ ಮತ್ತೆ ಅದೇ ಗತಿ. ಹಾಗಾಗಿ ಉಪ್ಪನ್ನು ಒಳಗೆ ತರುವ ಬದಲು ಮಜ್ಜಿಗೆಯನ್ನೇ ಹೊರಗೆ ಒಯ್ದೆವು. ನಾವು ದಿನಾ ಕೂತು ಉಣ್ಣುತ್ತಿದ್ದ ಬೇವಿನ ಮರಗಳ ಸಾಲಿನಾಚೆ ಎರಡು ಹಳೆಯ ಟ್ಯಾಂಕು ನಿಲ್ಲಿಸಿದೆವು. ಹಿಂದಿನ ಹೊಂಡದಿಂದ ಅಲ್ಲಿಗೆ ಪೈಪು ಎಳೆದೆವು. ಕಾಯಿಸುವ ಕೆಲಸ ಬಿಸಿಲ ಫಲಕಗಳು ನೋಡಿಕೊಂಡವು. ಉಪ್ಪು ಎಷ್ಟು, ಯಾವಾಗ, ಎಷ್ಟು ಸುತ್ತು ಎಂಬುದನ್ನು ತಸ್ನೀಮ್ ಪುಸ್ತಕ ನೋಡಿ ಹೇಳುತ್ತಿದ್ದಳು, ಪಕ್ಕದಲ್ಲಿ ನಿಂತ ಜಗದೇವಿ ಅದನ್ನು ತಿದ್ದುತ್ತಿದ್ದಳು.

"ಜೋರು ತಿರುವಬ್ಯಾಡ್ರಿ," ಎನ್ನುತ್ತಿದ್ದಳು. "ಜೋರು ತಿರುವಿದ್ರ ಮತ್ತ ಕೂಡಿಕೊಂತದ. ಉಪ್ಪ ಹಾಕಿ ಸುಮ್ಮ ಬಿಡ್ರಿ. ಅದರಷ್ಟಕ್ಕ ಅದು ಬಿಡಲಿ."

ನಮ್ಮ ಇಂಜಿನಿಯರುಗಳಿಗೆ ಸುಮ್ಮನೆ ಬಿಡುವುದೇ ಕಷ್ಟದ ಕೆಲಸ. ಮೂರು ದಿನ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಟ್ಯಾಂಕಿನ ಮೇಲಿನ ನಲ್ಲಿ ತಿರುಗಿಸಿದಾಗ ಕರಿ ಎಣ್ಣೆ ಹೊಳೆಯುತ್ತಾ ಇಳಿಯಿತು. ಊಟಕ್ಕೆ ಕೂತಿದ್ದ ಮುನ್ನೂರು ಜನ ಎದ್ದು ಬಂದರು. ಎಂಜಲ ಕೈಯಲ್ಲೇ ಸುಮ್ಮನೆ ನಿಂತು ನೋಡಿದರು, ಯಾಕೆಂದರೆ ಊರು ಬಿಡಲೆಂದು ಎಲ್ಲರ ಮನೆಯ ಪೆಟ್ಟಿಗೆಗಳೂ ಅರ್ಧ ಕಟ್ಟಿದ್ದವು.

ಪರಿಶೀಲಕರು ಬಂದಾಗ ದಿನಕ್ಕೆ ಇನ್ನೂರ ಹತ್ತು ಪೀಪಾಯಿ ಬರುತ್ತಿತ್ತು. ತೆಳ್ಳಗಿನ ಮನುಷ್ಯ, ಪ್ರತಿಯೊಂದಕ್ಕೂ ಎರಡು ಸಲ ಪ್ರಶ್ನೆ ಕೇಳುವ ಸ್ವಭಾವ. "ಆ ಉಪ್ಪುನೀರು ಏನು ಮಾಡುತ್ತೀರಿ? ಮತ್ತೆ ಒಳಗೆ ಬಿಡುವಂತಿಲ್ಲವಲ್ಲ?" ಎಂದರು. ಬಯಲಿನಲ್ಲಿ ಪಾತಿ ಕಟ್ಟಿ ಬಿಸಿಲಿಗೆ ಒಣಗಿಸುತ್ತೇವೆ, ಅದೇ ಉಪ್ಪನ್ನು ತಿರುಗಿ ಬಳಸುತ್ತೇವೆ ಎಂದಳು ತಸ್ನೀಮ್. "ಈ ವಿಧಾನ ಯಾರದು?" ಎಂದರು. ತಸ್ನೀಮ್ ಜಗದೇವಿಯ ಕಡೆ ಕೈ ತೋರಿಸಿದಳು. ಅವರು ಅವಳ ಹುದ್ದೆ ಏನೆಂದು ಕೇಳಿದರು. ಅವಳು ಸೆರಗು ಸರಿಪಡಿಸಿಕೊಂಡು, "ಸಾಬೂನಿನಕಿ ಅದೀನ್ರಿ," ಎಂದಳು. ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಹನ್ನೆರಡು ದಿನದ ನಂತರ ಸಂಜೆ ಆದೇಶ ಬಂತು. ಕರಿಹೊಂಡ ಹದಿನೆಂಟು ವರ್ಷ ನಡೆಯುತ್ತದೆ. ನನ್ನ ಹಡಗಿನ ವರ್ಗ ರದ್ದು. ನಿವೃತ್ತಿಯ ತನಕ ಇಲ್ಲೇ. ಅದನ್ನು ಎರಡು ಸಲ ಓದಿ, ಸೈಕಲ್ ತುಳಿದುಕೊಂಡು ಮನೆಗೆ ಹೋದೆ. ಜಗದೇವಿ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತು ಓದಿ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ಆ ರೊಟ್ಟಿ ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ, ತೆಗೆದಿಟ್ಟಳು. ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಳ್ಳಲಿಲ್ಲ.

"ಖರೇನೇ ಹೋಗೂದಿಲ್ಲ?"

"ಹೋಗೂದಿಲ್ಲ."

"ಮತ್ತ ಕಾಗದ ಬಂದ್ರ?"

"ಬರೂದಿಲ್ಲ. ಬಂದ್ರೂ ಹೋಗೂದಿಲ್ಲ."

ಅವಳು ಒಲೆ ಸಣ್ಣ ಮಾಡಿದಳು. ಎಡಗೈಯಿಂದ ತನ್ನ ಬಲ ಭುಜವನ್ನು ಹಿಡಿದುಕೊಂಡಳು.

"ಇದು ನೋಯ್ತದ," ಎಂದಳು. "ಎರಡೂವರಿ ವರ್ಷ ಆತು. ಕಡಾಯಿ ತಿರುವಿ ತಿರುವಿ. ಕೈ ಮ್ಯಾಲ ಎತ್ತಲಾಕ ಆಗೂದಿಲ್ಲ, ತಲಿ ಬಾಚಿಕೊಳ್ಳಾಕೂ ಆಗೂದಿಲ್ಲ."

ಎರಡು ವರ್ಷ ದಿನವೂ ಅವಳೆದುರು ಕೂತು ಚಹಾ ಕುಡಿದಿದ್ದೇನೆ. ನೆಲದಡಿ ಗೇಣಷ್ಟು ಸರಿದದ್ದು ಕಂಡಿದೆ, ಇದು ಕಂಡಿಲ್ಲ. "ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದೆ.

"ಹೋಗೋರಿಗಿ ಏನ್ ಹೇಳಬೇಕು?" ಎಂದಳು ಜಗದೇವಿ. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳುವ ದನಿಯಲ್ಲಿ. "ನಿಮಗ ಹೇಳಿ ರೂಢಿ ಆದ್ರ, ನೀವು ಹೋದ ಮ್ಯಾಲ ಯಾರಿಗಿ ಹೇಳ್ಲಿ?"

ಅವಳು ಮಣೆಯ ಮೇಲೆ ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟಳು. ಆಮೇಲೆ ಮೊಣಕಾಲಿನ ನೋವು ಹೇಳಿದಳು, ಮಗಳ ಮೇಲಿನ ಒಂದು ಹಳೆಯ ಬೇಸರ ಹೇಳಿದಳು, ನಾನು ಅಸ್ಸಾಮಿನಲ್ಲಿದ್ದಾಗ ಒಂದು ಮಳೆಗಾಲ ಬಹಳ ಹೆದರಿದ್ದನ್ನು ಹೇಳಿದಳು. ಹಿಟ್ಟು ಒಣಗಿತು. ಒಂದಾದ ಮೇಲೊಂದು ಹೇಳುತ್ತಲೇ ಹೋದಳು. ನಾನು ಅವಳ ಭುಜ ಒತ್ತುತ್ತಾ ಕೇಳುತ್ತಾ ಕೂತೆ.